ಭಾಸ್ಕರನ ಕುರ್ಚಿಯಲ್ಲಿ ಕಾಶವ್ವ

ಕಾಶವ್ವ ರೋಣದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಅಮೆರಿಕದ ಕ್ಯಾರಲ್ಟನ್ನಿಗೆ, ಮಗಳು ನಿಧಿಯ ಮನೆಗೆ ಬಂದಳು. ನನ್ನ ಮಗನ ಮನೆಯೂ ಅದೇ ಬೀದಿಯಲ್ಲಿ. ಇಬ್ಬರೂ ವಿಧವೆಯರು, ಇಬ್ಬರಿಗೂ ಇಂಗ್ಲಿಷ್ ಬಾರದು. ಹಾಗೆ ಗೆಳತಿಯರಾದೆವು.

ನಿಧಿಯ ಗಂಡ ಪ್ರಹ್ಲಾದ್. ಭಾನುವಾರ ಅವನ ಗೆಳೆಯರು ಅಲ್ಲಿ ಸೇರಿ ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಿದ್ದರು. ನಮ್ಮಲ್ಲಿಯಂತೆ ಕಾಲಲ್ಲಿ ಒದೆಯುವುದಲ್ಲ, ಇಲ್ಲಿಯವರು ಚೆಂಡನ್ನು ಕೈಯಲ್ಲಿ ಎಸೆಯುತ್ತಾರೆ. ಎಸೆಯುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ನಮ್ಮ ಪಕ್ಕದ ಡ್ಯಾಲಸ್ ತಂಡಕ್ಕೆ ಹಾಗೆ ಎಸೆಯುತ್ತಿದ್ದ ಹುಡುಗನೆಂದರೆ ಎಲ್ಲರಿಗೂ ಪ್ರಾಣ, ಕಾಶವ್ವನಿಗೂ. ಅಷ್ಟು ಜನ ಮೇಲೆ ಬಿದ್ದರೂ ಮೈ ಕೊಡವಿಕೊಂಡು ಏಳುತ್ತಾನಲ್ಲ, ಅದು ಅವಳಿಗೆ ಹಿಡಿಸಿತ್ತು.

ನಮ್ಮವರು ಈ ಆಟಕ್ಕೂ ಕ್ರಿಕೆಟ್ಟಿನ ಶಕುನಗಳನ್ನೇ ಹಚ್ಚಿದ್ದರು. ಗೆಲ್ಲುವಾಗ ಯಾರೂ ಜಾಗ ಬಿಟ್ಟು ಏಳಬಾರದು. ತೊಂಬತ್ತೆಂಟರಲ್ಲಿ ಒಂದು ದಿನ ಕಾಶವ್ವ ಗಿರಮಿಟ್ ತಟ್ಟೆ ಹಿಡಿದು ಒಳಗೆ ಬಂದಳು. ಅದೇ ಹೊತ್ತಿಗೆ ಹುಡುಗ ಎಸೆದ ಚೆಂಡು ಎದುರಾಳಿಯ ಕೈ ಸೇರಿತು. ಗುಂಪಿನ ಹಿರಿಯ, ಪಕ್ಕದೂರು ಫ್ರಿಸ್ಕೋದ ಭಾಸ್ಕರ, ತಿರುಗಿ ಅವಳ ಬರಿ ಹಣೆ ನೋಡಿದ.

"ಆಂಟಿ, ಮ್ಯಾಚ್ ಮುಗಿಯೋವರೆಗೂ ಕಿಚನ್‌ನಲ್ಲೇ ಇರಿ. ತಪ್ಪು ತಿಳ್ಕೋಬೇಡಿ."

ಪ್ರಹ್ಲಾದ್ ಅವಳ ಕೈಯ ತಟ್ಟೆ ಇಸಿದುಕೊಂಡು ಟಿವಿಯ ಕಡೆ ತಿರುಗಿದ. ಅಂದಿನಿಂದ ಕಾಶವ್ವನಿಗೆ ಅಡುಗೆಮನೆಯೇ ಗತಿ. ಅವಳು ಅತ್ತದ್ದನ್ನು ನಾನು ಕಾಣೆ. ಇದನ್ನು ತೀರಿಸಿಕೊಳ್ಳದೆ ಬಿಡುವುದಿಲ್ಲ ಎಂದಷ್ಟೇ ಹೇಳಿದಳು.

ಮರುವರ್ಷ ಒಂದು ಆಟದಲ್ಲಿ ಡ್ಯಾಲಸ್ ಅರ್ಧದಲ್ಲೇ ಸೋತಂತಾಗಿತ್ತು. ಭಾಸ್ಕರ ಬೇಸತ್ತು ಕಾರು ಹತ್ತಿ ಹೋದ. ಕಾಶವ್ವ ಬಂದು ಅವನ ಕುರ್ಚಿಯಲ್ಲಿ ಕೂತಳು. ಸೋತ ಮೇಲೆ ಯಾರು ಬಂದರೇನೆಂದು ಯಾರೂ ತಡೆಯಲಿಲ್ಲ. ಆಮೇಲೆ ಹುಡುಗ ಎಸೆದದ್ದೆಲ್ಲ ತನ್ನವರ ಕೈಗೇ ಸಿಕ್ಕಿತು, ಆಟ ಗೆದ್ದರು. ಕುಣಿಯುವವರಿಗೆ ಕುರ್ಚಿಯಲ್ಲಿ ಯಾರಿದ್ದರೆಂಬ ನೆನಪೆಲ್ಲಿ? ಮುಂದಿನ ವಾರ ಅವಳು ಮತ್ತೆ ಅಡುಗೆಮನೆಯಲ್ಲಿ. ಕುರ್ಚಿಯ ವಿಷಯ ನಾನು ಹೇಳಿಬಿಡುತ್ತೇನೆಂದೆ. ಬೇಡ, ಎಲ್ಲರೂ ಕೂತು ಕೇಳುವ ದಿನ ಬರುತ್ತದೆ ಎಂದಳು.

ಎರಡು ಸಾವಿರದ ಇಸವಿಯಲ್ಲಿ ಆ ದಿನ ಬಂತು. ಇದೇ ಹುಡುಗನ ಕೊನೆಯ ವರ್ಷವೆಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಭಾಸ್ಕರ ಎಲ್ಲರನ್ನೂ ಸಂಸಾರ ಸಮೇತ ಮನೆಗೆ ಕರೆದ. ಆಟಕ್ಕೆ ಮೊದಲು ಒಬ್ಬೊಬ್ಬರೂ ಹುಡುಗನ ಒಂದು ನೆನಪು ಹೇಳಬೇಕು. ಚಿದಾನಂದ್, ಆಸ್ಟಿನ್‌ಗೆ ಹೋಗುವಾಗ ರೇಡಿಯೋದಲ್ಲಿ ಅವನ ಆಟ ಕೇಳಲೆಂದೇ ಕಾರು ಪಕ್ಕಕ್ಕೆ ನಿಲ್ಲಿಸಿ ಪೊಲೀಸರಿಂದ ಬೈಸಿಕೊಂಡದ್ದನ್ನು ಹೇಳಿದ. ಭಾಸ್ಕರ ಆ ಸೋತು ಗೆದ್ದ ಆಟವನ್ನೇ ಎತ್ತಿಕೊಂಡ. ಕೊನೆಯವರೆಗೂ ತಾನು ಕುರ್ಚಿಯಿಂದ ಅಲ್ಲಾಡಲಿಲ್ಲ, ಅದಕ್ಕೇ ಗೆದ್ದೆವು ಎಂದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಆಂಟಿಯದೂ ಏನಾದರೂ ಇದೆಯೇ ಎಂದು ನಕ್ಕ.

ಕಾಶವ್ವ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

"ನಂದೂ ಅದೇ ಆಟ ತಮ್ಮಾ. ನೀ ನಡುವೇ ಎದ್ದು ಮನಿಗೆ ಹೋದಿ. ನಾ ನಿನ್ನ ಕುರ್ಚ್ಯಾಗ ಕುಂತೆ. ಆಮ್ಯಾಲೆ ಗೆದ್ರು."

"ಹೌದಲ್ಲೋ," ಎಂದ ಚಿದಾನಂದ್, "ನೀನು ಇರಲೇ ಇಲ್ಲ."

ಭಾಸ್ಕರನ ಮುಖ ಇಳಿಯಿತು. ಆಟ ಶುರುವಾಯಿತು, ಡ್ಯಾಲಸ್ ಹಿಂದೆ ಬಿತ್ತು. ಅವತ್ತು ನೀನಿಲ್ಲದಾಗಲೇ ಗೆದ್ದದ್ದು, ಒಂದೇ ಒಂದು ಸಲ ಗ್ಯಾರೇಜಿಗೆ ಹೋಗಿರು ಎಂದು ಗೆಳೆಯರು ಗಂಟುಬಿದ್ದರು. ಅವನು ಎದ್ದುಹೋದ. ಪ್ರಹ್ಲಾದ್ ತಾನೇ ಅತ್ತೆಯನ್ನು ಕರೆದು ಮುಂದೆ ಕೂರಿಸಿದ. ಸ್ವಲ್ಪ ಹೊತ್ತಿಗೆ ಹುಡುಗ ಎಸೆದ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿತು, ಡ್ಯಾಲಸ್ ಮುಂದಾಯಿತು.

ಭಾಸ್ಕರನ ಹೆಂಡತಿ ಉಷಾ ಬಂದು ಕಾಶವ್ವನ ಪಕ್ಕ ಬಗ್ಗಿದಳು. "ಅಲ್ಲಿ ತುಂಬಾ ಚಳಿ ಅಮ್ಮ. ಒಳಗೆ ಬರಲಿ ಅಂತ ನೀವೊಂದು ಮಾತು ಹೇಳಿ."

"ಗೆಲ್ಲಾಕತ್ತೇವಲ್ಲವ್ವ. ಇರಲಿ."

ಇಂಥದ್ದನ್ನೆಲ್ಲ ನಂಬುತ್ತೀಯಾ ಎಂದು ಕಾಶವ್ವನ ಕಿವಿಯಲ್ಲಿ ಕೇಳಿದೆ. ಅವಳು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

"ನಾ ಯಾಕ ನಂಬ್ಲಿ? ಅಂವ ನಂಬ್ಯಾನ."