ಇಬ್ಬರೂ ಕಾಣದ ಸಮುದ್ರ

ನಾಟಿಯ ಕಾಲವೇ ಇರಬೇಕು, ಇಲ್ಲದಿದ್ದರೆ ಹೊಲದ ತುಂಬ ನೀರು ನಿಂತದ್ದು ಹೇಗೆ ನೆನಪಿರುತ್ತದೆ? ಆದರೆ ಬೇಸಿಗೆಯ ಬಿಸಿಲಿಗೆ ಕಾಲು ಸುಟ್ಟದ್ದೂ ನೆನಪಿದೆ, ಬೇಸಿಗೆಯಲ್ಲಿ ಕಾಲುವೆಯ ನೀರು ಬಂದ್ ಆಗಿರುತ್ತದೆ. ಎರಡರಲ್ಲಿ ಒಂದನ್ನು ನಾನು ಆಮೇಲೆ ಸೇರಿಸಿಕೊಂಡಿದ್ದೇನೆ. ಎಂಬತ್ತರ ದಶಕದ ಕೊನೆ. ಅಪ್ಪನಿಗೆ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿ ಮಸ್ಕಿಯಿಂದ ಬರುತ್ತಿದ್ದೆವು. ಬಸ್ಸಿನ ಕಿಟಕಿಯಿಂದ ನೋಡಿ, "ಅಪ್ಪಾ, ಇವರ ಹೊಲ ಎಲ್ಲಾ ಮುಳುಗ್ಯಾವ" ಅಂದೆ. ಬಸ್ಸೆಲ್ಲ ನಕ್ಕಿತು.

ಇದನ್ನು ಓದುವ ಮಸ್ಕಿಯವರೇ, ನಿಮಗೆ ಗೊತ್ತು, ಅಲ್ಲಿ ಜೋಳದ ಹೊಲದಲ್ಲಿ ನೀರು ನಿಂತರೆ ನಾವು ಅಳುತ್ತಿದ್ದೆವು. ಇಲ್ಲಿ ಭತ್ತದ ಗದ್ದೆಯಲ್ಲಿ ನಿಲ್ಲದಿದ್ದರೆ ಅಳುತ್ತಾರೆ. ಮೂರು ಹೊತ್ತೂ ಅನ್ನ. ಬುತ್ತಿಗೆ ಜೋಳದ ರೊಟ್ಟಿ ಒಯ್ಯುತ್ತಿದ್ದುದಕ್ಕೆ ಶಾಲೆಯಲ್ಲಿ ನನ್ನ ಹೆಸರು 'ರೊಟ್ಟಿ' ಆಯಿತು. ಇಟ್ಟವಳು ನನ್ನ ಬೆಂಚಿನ ಪದ್ಮ, ಅದೂ ನನ್ನ ರೊಟ್ಟಿಯಲ್ಲಿ ಅರ್ಧ ತಿಂದು. ಅವಳದು ಕ್ಯಾಂಪು. ಕಾಲುವೆ ಬಂದ ಮೇಲೆ ಆಂಧ್ರದ ಕರಾವಳಿಯಿಂದ ಬಂದು ನೆಲೆಸಿದವರ ಊರಿಗೆ ಇಲ್ಲಿ ಹಾಗೆನ್ನುತ್ತಾರೆ.

"ನಿಮ್ಮೂರಾಗ ಏನೈತಿ ಬೇ? ಬರೇ ಕಲ್ಲು," ಅಂದಳು ಪದ್ಮ.

"ಗುಡ್ಡ ಐತಿ. ತುದಿಗೆ ನಿಂತ್ರ ಸಮುದ್ರ ಕಾಣತೈತಿ."

"ನಮ್ಮೂರಾಗ ಬಾಗಿಲಿಗೇ ಬರತೈತಿ. ನಮ್ಮಜ್ಜಿ ಅದರಾಗ ಪಾತ್ರೆ ತೊಳೀತಾಳ."

ಮರುದಿನ ನನ್ನ ಸಮುದ್ರಕ್ಕೆ ಹಡಗು ಬಂತು. ಅವಳದಕ್ಕೆ ಹಡಗು ನುಂಗುವ ಮೀನು ಬಂತು. ಅಷ್ಟು ಖುಷಿಯಾಗಿ ನಾನು ಯಾರೊಂದಿಗೂ ಜಗಳವಾಡಿಲ್ಲ.

ಒಂದು ದಿನ ಸರ್, "ಸಮುದ್ರ ಯಾರು ನೋಡೀರಿ?" ಎಂದರು. ಇಬ್ಬರೂ ಕೈ ಎತ್ತಿದೆವು. ಪದ್ಮ ಅಜ್ಜಿಯ ಪಾತ್ರೆಯ ಕತೆ ಹೇಳಿದಳು. "ಶಹಬ್ಬಾಸ್. ನೋಡಿದವರು ಹಿಂಗ ಹೇಳತಾರ." ನಾನು ಗುಡ್ಡ ಎನ್ನುವಷ್ಟರಲ್ಲಿ, "ಮಸ್ಕ್ಯಾಗ ಸಮುದ್ರ ಕಂಡೀ? ಸುಳ್ಳಬುರಕಿ, ಬೆಂಚಿನ ಮ್ಯಾಲ ನಿಂದ್ರು."

ಪದ್ಮ ಹುಟ್ಟಿದ್ದು ಇದೇ ಕ್ಯಾಂಪಿನಲ್ಲಿ. ಸರ್ ಅದನ್ನು ಕೇಳಲೇ ಇಲ್ಲ. ಅವಳ ಅಜ್ಜನ ಊರು ನೋಡಿ ಅವಳನ್ನು ನಂಬಿದರು, ನನ್ನ ಊರು ನೋಡಿ ನನ್ನನ್ನು ನಿಲ್ಲಿಸಿದರು. ಕಾಲು ನೋವು ಅವತ್ತೇ ಹೋಯಿತು. ಈ ಸಿಟ್ಟು ಇನ್ನೂ ಹೋಗಿಲ್ಲ.

ಶಾಲೆ ಬಿಟ್ಟ ಮೇಲೆ ಕಾಲುವೆ ಏರಿಯ ಮೇಲೆ ಅವಳೇ ಹಿಂದೆ ಬಂದಳು.

"ನಾನೂ ನೋಡಿಲ್ಲ."

"ಮತ್ತ ಸರ್ ಮುಂದ ಅದನ್ನ ಹೇಳಾಕ ಬಾಯಿ ಬಿದ್ದಿತ್ತೇನು?"

"ಎಲ್ಲಾರೂ ನನಗ ಆಂಧ್ರದಾಕಿ ಅಂತಾರ. ಸಮುದ್ರನೂ ನೋಡಿಲ್ಲಂದ್ರ ನಗತಾರ."

ಆಗ ಅದು ನನಗೆ ಕುಂಟುನೆಪವಾಗಿ ಕೇಳಿಸಿತು. ಈಗ ನಾನು ಮಸ್ಕಿಗೆ ಬಂದರೆ ನೀವು ಸಿಂಧನೂರಿನಾಕಿ ಎನ್ನುತ್ತೀರಿ. ಇಲ್ಲಿ ಇವರಿಗೆ ಇನ್ನೂ ಮಸ್ಕಿಯಾಕಿ. ಸರ್ ಮೇಲಿನ ಸಿಟ್ಟು ಹಾಗೇ ಇದೆ, ಅವಳ ಮೇಲಿನದು ಎಲ್ಲಿ ಕರಗಿತೋ.

ಏರಿಯ ಮೇಲಿನ ಆ ಮಾತಿನ ಮರುದಿನ ಪದ್ಮ ಬೇರೆ ಬೆಂಚಿನಲ್ಲಿ ಕೂತಿದ್ದಳು. ನಾನು ಕರೆಯಲಿಲ್ಲವೋ, ಕರೆದರೂ ಅವಳು ಬರಲಿಲ್ಲವೋ, ನನಗೆ ಈಗ ನೆನಪಿಲ್ಲ.