ದೊರೆಸಾನಿಯ ಎಡಗಿವಿ

ಮನೆಯಲ್ಲಿ ಅವಳನ್ನು ದೊರೆಸಾನಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಸೋದರಮಾವ. ಅವಳನ್ನು ಮಾತಾಡಿಸಬೇಕೆಂದರೆ ಎಂಥವರೂ ಸುತ್ತು ಹಾಕಿ ಬಲಗಡೆಗೆ ಬರಬೇಕು. ಊಟಕ್ಕೆ ಕೂತರೆ ಸಾಲಿನ ಎಡತುದಿ ಅವಳಿಗೇ ಮೀಸಲು. ಬಟ್ಟೆ ಹೊಲಿಯುವ ಅಮ್ಮನಂತೂ ಬೈಯುವುದಕ್ಕೂ ಯಂತ್ರ ನಿಲ್ಲಿಸಿ, ಎದ್ದು ಬಂದು, ಮಗಳ ಬಲಕ್ಕೆ ನಿಂತೇ ಬೈಯುತ್ತಿದ್ದಳು. ಇಷ್ಟೆಲ್ಲ ಮರ್ಯಾದೆ ಪುಕ್ಕಟೆ ಸಿಗುವಾಗ ಯಾವ ಮಗು ಯಾಕೆ ಎಂದು ಕೇಳುತ್ತದೆ ಹೇಳಿ?

ಒಂದೇ ಒಂದು ಸಲ ಕೇಳಿದ್ದಳು, ಶಾಲೆಗೆ ಸೇರಿದ ಹೊಸದರಲ್ಲಿ.

"ಅಮ್ಮಾ, ಈ ಕಿವೀಲಿ ಏನೂ ಕೇಳ್ಸಲ್ವಲ್ಲ?"

ಸೂಜಿಗೆ ದಾರ ಪೋಣಿಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. "ಎಡಗೈಲಿ ಬರಿಯೋಕಾಗುತ್ತಾ ನಿಂಗೆ? ಇಲ್ಲ ತಾನೆ? ಎಡಗಿವೀನೂ ಹಾಗೇ ಕಣೆ. ಎಲ್ರಿಗೂ ಅಷ್ಟೇ."

ಅಲ್ಲಿಗೆ ಆ ವಿಷಯ ಮುಗಿಯಿತು. ಎಡಗಿವಿ ಇರುವುದು ಓಲೆ ಹಾಕಿಕೊಳ್ಳುವುದಕ್ಕೆ ಎಂದು ದೊರೆಸಾನಿ ತೀರ್ಮಾನಿಸಿಬಿಟ್ಟಳು.

ಶಾಲೆಯಲ್ಲಿ ಮೊದಲ ಬೆಂಚಿನಲ್ಲಿ, ಎಡಗೋಡೆಗೆ ತಾಗಿದ ಜಾಗ ವರ್ಷ ವರ್ಷವೂ ಅವಳದೇ. ಬೇರೆ ಮಕ್ಕಳನ್ನು ಆಗಾಗ ಎಬ್ಬಿಸಿ ಅಲ್ಲಿಂದಿಲ್ಲಿಗೆ ಕೂರಿಸುತ್ತಿದ್ದ ಮೇಷ್ಟ್ರು ಅವಳ ತಂಟೆಗೆ ಬರುತ್ತಿರಲಿಲ್ಲ. ಜಾಣೆ ಎಂದರೆ ಸುಮ್ಮನೆಯೇ ಎಂದು ಅವಳು ಒಳಗೊಳಗೇ ಬೀಗುತ್ತಿದ್ದಳು. ಗುಬ್ಬಿ ಎಂಬ ಅಡ್ಡಹೆಸರಿನ ಗೆಳತಿ ಹೋಗುವಾಗ ಬರುವಾಗ ಬಲಗಡೆಗೇ ಅಂಟಿಕೊಂಡಿರುತ್ತಿದ್ದಳು. ತನ್ನನ್ನು ಕಂಡರೆ ಅವಳಿಗೆ ಪ್ರಾಣ ಎಂದು ದೊರೆಸಾನಿಗೆ ಗೊತ್ತಿತ್ತು.

ಮುಂದೆ ಕಾಲೇಜು ದೂರದ ಊರಿನಲ್ಲಿ ಸಿಕ್ಕಿತು. ಹಾಸ್ಟೆಲಿನಲ್ಲಿ ಎರಡು ಮಂಚದ ಕೋಣೆ, ಗಡಗಡ ಎನ್ನುವ ಫ್ಯಾನು. ಎಡಗಡೆಯ ಮಂಚದ ಹುಡುಗಿ ಬಂದ ವಾರವೇ ಮುಖ ಗಂಟು ಹಾಕಿಕೊಂಡಳು. ಎಷ್ಟು ಕರೆದರೂ ತಿರುಗಿ ನೋಡುವುದಿಲ್ಲ, ಏನು ಜಂಬ ಇವಳಿಗೆ ಎಂದು ಅಕ್ಕಪಕ್ಕದ ಕೋಣೆಗಳಲ್ಲೆಲ್ಲ ಸುದ್ದಿಯಾಯಿತು. ದೊರೆಸಾನಿಗೋ ಅವರ ಮೇಲೇ ಸಿಟ್ಟು. ಒಬ್ಬರನ್ನು ಮಾತಾಡಿಸುವ ರೀತಿಯೇ ಈ ಊರಿನವರಿಗೆ ಗೊತ್ತಿಲ್ಲವಲ್ಲ!

ಒಂದು ಸಂಜೆ ಆ ಹುಡುಗಿಯೇ ರಾಜಿಗೆ ಬಂದಳು. ಪಕ್ಕ ಕೂತು, ಮೊಬೈಲಿನಲ್ಲಿ ಹಾಡು ಹಾಕಿ, ಇಯರ್‌ಫೋನಿನ ಒಂದು ತುದಿಯನ್ನು ದೊರೆಸಾನಿಯ ಎಡಗಿವಿಗೆ ಸಿಕ್ಕಿಸಿದಳು.

"ಹೇಗಿದೆ ಹಾಡು?"

"ಎಡಗಿವಿಗೆ ಹಾಕಿದ್ರೆ ಹೇಗೆ ಕೇಳ್ಸುತ್ತೆ, ಹುಚ್ಚಿ?"

ಹುಡುಗಿ ಪಕಪಕನೆ ನಕ್ಕಳು. ದೊರೆಸಾನಿ ನಗಲಿಲ್ಲ. ಅದನ್ನು ನೋಡಿ ಅವಳ ನಗುವೂ ನಿಂತಿತು.

"ಏ, ನಿಜವಾಗ್ಲೂ ಹೇಳ್ತಿದ್ದೀಯಾ? ನಂಗೆ ಎರಡರಲ್ಲೂ ಕೇಳ್ಸುತ್ತೆ. ಎಲ್ರಿಗೂ ಕೇಳ್ಸುತ್ತೆ ಕಣೆ."

ತಮಾಷೆ ಇರಬೇಕು ಎಂದುಕೊಂಡಳು ದೊರೆಸಾನಿ. ಹುಡುಗಿಯ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಇದೇ ಸುಳ್ಳಾದರೆ ಇನ್ನೇನೇನು ಸುಳ್ಳೋ! ಫೋನು ಹಿಡಿದು ಮೆಟ್ಟಿಲಿಗೆ ಓಡಿದಳು.

"ಅಮ್ಮಾ, ಎಲ್ರಿಗೂ ಎರಡು ಕಿವೀಲೂ ಕೇಳ್ಸುತ್ತಂತೆ. ಹೌದಾ?"

ಆ ಕಡೆ ಹೊಲಿಗೆ ಯಂತ್ರದ ಸದ್ದು ತಟ್ಟನೆ ನಿಂತಿತು.

"ಯಾರೇ ಹೇಳಿದ್ದು?"

"ಹೌದೋ ಅಲ್ವೋ ಹೇಳು."

"ಕೂಸಾಗಿದ್ದಾಗ ಜ್ವರ ಬಂದಿತ್ತು ಕಂದಾ. ಒಂದು ಕಿವಿ ಹೋಯ್ತು. ಹೇಳಿದ್ರೆ ಎಲ್ಲಿ ಹೆದರ್ಕೊಂಡು ಮೂಲೆ ಹಿಡೀತೀಯೋ ಅಂತ..."

"ಮೇಷ್ಟ್ರಿಗೆ ಗೊತ್ತಿತ್ತಾ?"

"ಗೋಡೆ ಪಕ್ಕ ಕೂರ್ಸಿ ಅಂತ ನಾನೇ ಕೇಳ್ಕೊಂಡಿದ್ದೆ."

"ಗುಬ್ಬಿಗೆ?"

"ಇಡೀ ಕ್ಲಾಸಿಗೆ ಗೊತ್ತಿತ್ತು. ನೀನು ಹೋಗದಿದ್ದ ದಿನ ಮೇಷ್ಟ್ರು ಎಲ್ರ ಹತ್ರ ಮಾತು ತಗೊಂಡಿದ್ರು."

ದೊರೆಸಾನಿ ಮೆಟ್ಟಿಲ ಮೇಲೆ ಕೂತಳು. ಇಡೀ ಕ್ಲಾಸು! ಅಷ್ಟು ಮಕ್ಕಳು, ಅಷ್ಟು ವರ್ಷ, ಒಬ್ಬರಾದರೂ ತುಟಿ ಪಿಟಕ್ಕೆನ್ನಲಿಲ್ಲವೇ? ತರಲೆ ಎಂದೇ ಹೆಸರಾದ ಹುಡುಗನೊಬ್ಬನಿದ್ದ. ಕುಂಟುವವರನ್ನು, ತೊದಲುವವರನ್ನು ಆಡಿಕೊಳ್ಳದೆ ಅವನಿಗೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲ. ಒಮ್ಮೆ ಜಗಳದಲ್ಲಿ ದೊರೆಸಾನಿ ಅವನ ಅಂಗಿ ಹರಿದಿದ್ದಳು. ಅವನು ಕೆಂಡಾಮಂಡಲವಾಗಿ ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು ಹೋಗಿದ್ದ. ತನಗೆ ಹೆದರಿದ ಎಂದು ಅವಳು ವಾರಗಟ್ಟಲೆ ಮೆರೆದಿದ್ದಳು. ಈಗ ನೆನೆದರೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಅವರೆಲ್ಲ ಸೇರಿ ಪ್ರೀತಿ ಮಾಡಿದ್ದೋ ಮೋಸ ಮಾಡಿದ್ದೋ ಅವಳಿಗೆ ತಿಳಿಯಲಿಲ್ಲ.

ಅಮ್ಮ ಇನ್ನೂ ಮಾತಾಡುತ್ತಿದ್ದಳು. "ನಾಳೆನೇ ಬಸ್ಸು ಹತ್ತಿ ಬರ್ತೀನಿ. ನಿಮ್ಮ ಪ್ರಿನ್ಸಿಪಾಲರ ಕಿವಿಗೆ ಹಾಕ್ತೀನಿ. ಆ ಹುಡುಗೀರಿಗೂ ನಿಂಗೆ ಗೊತ್ತಾಗದ ಹಾಗೆ..."

"ಬೇಡಮ್ಮಾ!" ಅವಳ ಕೂಗಿಗೆ ಮೇಲಿನ ಮಹಡಿಯಲ್ಲಿ ಯಾರೋ ಬಾಗಿಲು ತೆರೆದರು. "ನೀನು ಬರಬೇಡ. ಯಾರಿಗೆ ಏನು ಹೇಳೋದಿದ್ರೂ ನಾನೇ ಹೇಳ್ತೀನಿ."

ಅಮ್ಮ ಬಿಕ್ಕುವುದು ಕೇಳಿಸಿತು. ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದರೂ ದೊರೆಸಾನಿ ಆಡಲಿಲ್ಲ. ಅವತ್ತು ಅಷ್ಟು ದೊಡ್ಡ ಮನಸ್ಸು ಅವಳಲ್ಲಿರಲಿಲ್ಲ.

ಕೋಣೆಗೆ ಬಂದಾಗ ಆ ಹುಡುಗಿ ಇಯರ್‌ಫೋನನ್ನು ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದಳು. ದೊರೆಸಾನಿ ಫ್ಯಾನು ಆರಿಸಿ ಅವಳೆದುರು ನಿಂತಳು.

"ನನಗೆ ಎಡಗಿವಿ ಕೇಳಿಸಲ್ಲ," ಎಂದಳು.

ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿದ್ದ ಮಾತು. ಅದನ್ನು ಗಟ್ಟಿಯಾಗಿ ಆಡಿದವರಲ್ಲಿ ಅವಳೇ ಮೊದಲಿಗಳು.