ಕೊತಾತ್ಸುವಿನ ಕೆಳಗೆ ಎಂಟು ಕಾಲು

ಈ ಊರಿನಲ್ಲಿ ಹಾಲನ್ನು ಫ್ರಿಜ್ಜಿನಲ್ಲಿ ಇಡುವುದು ಬೆಚ್ಚಗಿರಲಿ ಎಂದು. ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಲ್ಲಾಗಿರುತ್ತದೆ. ನಾನು ಬಂದ ಚಳಿಗಾಲದ ಮೊದಲ ವಾರ ಒಬಾಸಾನ್, ಅಂದರೆ ಮನೆಯ ಅಜ್ಜಿ, ಆಲೂಗಡ್ಡೆ, ಮೊಟ್ಟೆ, ಕೊನೆಗೆ ನನ್ನ ಕೊಬ್ಬರಿ ಎಣ್ಣೆಯ ಬಾಟಲಿಯನ್ನೂ ಫ್ರಿಜ್ಜಿಗೆ ತುಂಬಿ, ಬಾಗಿಲು ಹಾಕುವ ಮುನ್ನ ನನ್ನತ್ತ ಒಮ್ಮೆ ನೋಡಿದರು. ಜಾಗವಿದ್ದಿದ್ದರೆ ನನ್ನನ್ನೂ ಇಡುತ್ತಿದ್ದರೆಂದು ಈಗಲೂ ನಂಬಿದ್ದೇನೆ.

ಅರಸೀಕೆರೆಯವನಾದ ನಾನು ತೋಟಗಾರಿಕೆ ಓದುತ್ತಾ, ವಿದ್ಯಾರ್ಥಿ ವಿನಿಮಯವೆಂಬ ಘನ ಯೋಜನೆಯಡಿ ಜಪಾನಿನ ಉತ್ತರದ ಈ ಸೇಬಿನ ಊರಿಗೆ ಒಂದು ವರ್ಷದ ಮಟ್ಟಿಗೆ ಬಂದಿಳಿದೆ. ವಿನಿಮಯವೆಂದ ಮೇಲೆ ಇಲ್ಲಿಂದಲೂ ಒಬ್ಬರು ಅಲ್ಲಿಗೆ ಹೋಗಬೇಕಷ್ಟೆ. ಯಾರೂ ಹೋಗಲಿಲ್ಲ. ಇಲ್ಲಿನ ಕಾಲೇಜಿಗೆ ಹಾಸ್ಟೆಲ್ ಇಲ್ಲ. ವಿದೇಶಿ ಹುಡುಗನನ್ನು ಇಟ್ಟುಕೊಳ್ಳಲು ಊರಿಗೆಲ್ಲ ಒಪ್ಪಿದ್ದು ಇದೊಂದೇ ಮನೆ. ಈ ಮನೆಯವರು ಬೇಡವೆಂದರೆ ನನ್ನ ಸೇಬಿನ ಅಧ್ಯಯನ ಅಲ್ಲಿಗೆ ಮುಗಿದು, ನಾನು ಅರಸೀಕೆರೆಯ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಪೆಟ್ಟಿಗೆ ಸಮೇತ ನಿಂತು ಬಂಧುಗಳಿಗೆ ವಿವರಣೆ ಕೊಡಬೇಕಾಗುತ್ತಿತ್ತು.

ಮನೆಯಲ್ಲಿ ಮೂವರು: ಒಬಾಸಾನ್, ಅವರ ಯಜಮಾನರಾದ ಒಜೀಸಾನ್, ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ ಮಗಳು ಮಿಚಿಕೋ. ಒಜೀಸಾನ್ ಐವತ್ತು ವರ್ಷ ಸೇಬಿನ ಮರಗಳ ನಡುವೆ ಕಳೆದವರು. ಮರಗಳಿಂದಲೇ ಮಾತು ಕಲಿತಿದ್ದರು. ನಾನು ಬಂದ ದಿನ "ಹ್ಞೂಂ" ಎಂದರು. ಎರಡನೆಯ ವಾರವೂ ಅದನ್ನೇ ಅಂದರು, ಆದರೆ ಸ್ವಲ್ಪ ಮೆಲ್ಲಗೆ.

ನಮ್ಮಲ್ಲಿ ಮನೆ ಕಟ್ಟುವಾಗ ಗಾಳಿ ಎಲ್ಲಿಂದ ಬರುತ್ತದೆ, ಬಿಸಿಲು ಎಲ್ಲಿಂದ ಬೀಳುತ್ತದೆ ಎಂದು ಯೋಚಿಸುತ್ತಾರೆ. ಇಲ್ಲಿನ ಹಳೇ ಮರದ ಮನೆಗಳಲ್ಲಿ ಮನೆಯನ್ನು ಬೆಚ್ಚಗೆ ಮಾಡುವ ದುರಾಸೆಯನ್ನೇ ಯಾರೂ ಇಟ್ಟುಕೊಂಡಿಲ್ಲ. ಬೆಚ್ಚಗೆ ಮಾಡುವುದು ಮನುಷ್ಯನನ್ನು, ಅದೂ ಸೊಂಟದಿಂದ ಕೆಳಕ್ಕೆ. ಅದಕ್ಕೊಂದು ಸಾಧನವಿದೆ, ಕೊತಾತ್ಸು: ಮೊಳಕಾಲೆತ್ತರದ ಮೇಜು, ಅದರ ಹೊಟ್ಟೆಗೆ ಅಂಟಿದ ಕರೆಂಟಿನ ಕಾವು, ಸುತ್ತ ನೆಲದವರೆಗೂ ಇಳಿಬಿಟ್ಟ ರಜಾಯಿ. ನಾಲ್ಕು ಕಡೆಯಿಂದ ನಾಲ್ವರು ಕೂತು ಕಾಲನ್ನು ಒಳಕ್ಕೆ ತೂರಿಸಿದರೆ ಊಟ, ಟೀವಿ, ಸಂಸಾರ ಎಲ್ಲವೂ ಅಲ್ಲೇ. ಬೆನ್ನು ಮಾತ್ರ ಹಿಮಾಲಯದಲ್ಲಿರುತ್ತದೆ.

ನಾಲ್ವರೆಂದರೆ ಎಂಟು ಕಾಲು. ಇಲ್ಲಿಂದ ನನ್ನ ದುರ್ದೆಸೆ ಶುರುವಾಯಿತು.

ಕಾಲು ಇನ್ನೊಬ್ಬರಿಗೆ ತಗುಲಿದರೆ ಏನು ಮಾಡಬೇಕೆಂದು ಕನ್ನಡದ ಓದುಗರಿಗೆ ಹೇಳಬೇಕಾಗಿಲ್ಲ. ಕೈ ಮುಂದೆ ಹೋಗುತ್ತದೆ, ಮುಟ್ಟುತ್ತದೆ, ಕಣ್ಣಿಗೆ ಒತ್ತಿಕೊಳ್ಳುತ್ತದೆ. ಮೆದುಳಿಗೆ ಸುದ್ದಿ ಆಮೇಲೆ ಮುಟ್ಟುತ್ತದೆ. ಮೊದಲ ಸಂಜೆಯೇ ಒಜೀಸಾನರ ಕಾಲು ನನ್ನ ಕಾಲಿಗೆ ತಗುಲಿತು. ತಗುಲಿದ್ದು ಅವರದೋ ನನ್ನದೋ ಎಂಬ ವಿಚಾರಣೆ ಹಿರಿಯರ ವಿಷಯದಲ್ಲಿ ಸಲ್ಲದು. ರಜಾಯಿಯೊಳಗೆ ಕೈ ತೂರಿಸಿ ಯಜಮಾನರ ಪಾದ ತಡಕಾಡುವುದೂ ಸಭ್ಯತೆಯಲ್ಲ. ಆದ್ದರಿಂದ ರಜಾಯಿಯ ಅಂಚನ್ನು ಮುಟ್ಟಿ ಎರಡೂ ಕಣ್ಣಿಗೆ ಭಕ್ತಿಯಿಂದ ಒತ್ತಿಕೊಂಡೆ. ಐದು ನಿಮಿಷಕ್ಕೆ ಮತ್ತೆ ತಗುಲಿತು. ಮತ್ತೆ ಒತ್ತಿಕೊಂಡೆ. ಮುದುಕರಿಗೆ ಕಾಲು ನಿಲ್ಲದ ಕಾಯಿಲೆಯೇನೋ ಎಂದುಕೊಂಡೆ.

ವಾರದೊಳಗೆ ನನ್ನ ಪಕ್ಕಕ್ಕೆ ಟಿಶ್ಯೂ ಪೆಟ್ಟಿಗೆಯೊಂದು ಬಂತು. ಜಪಾನೀಯರ ಶುಚಿತ್ವವನ್ನು ಮನಸ್ಸಿನಲ್ಲೇ ಕೊಂಡಾಡಿದೆ. ಟೀವಿಯಲ್ಲಿ ಆನೆ ಬಂದಾಗಲೆಲ್ಲ ಮಿಚಿಕೋ ಸದ್ದು ಜಾಸ್ತಿ ಮಾಡತೊಡಗಿದರು. ಒಬಾಸಾನ್ ದಿನಕ್ಕೊಮ್ಮೆ "ದಾಯ್ಜೋಬು?" ಎಂದು ಕೇಳುತ್ತಿದ್ದರು. ಏನೂ ತೊಂದರೆ ಇಲ್ಲವೇ ಎಂದು ಅದರ ಅರ್ಥ. ಉತ್ತರವೂ ಅದೇ ಪದ, ದನಿ ಇಳಿಸಿದರಾಯಿತು. ಆಗ ನನಗೆ ಚೆನ್ನಾಗಿ ಬರುತ್ತಿದ್ದ ಜಪಾನೀ ಪದ ಅದೊಂದೇ ಆದ್ದರಿಂದ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದೆ. ಇಲ್ಲಿ ನಿಜವಾಗಿಯೂ ತೊಂದರೆಯಲ್ಲಿರುವವರು ಹೇಳುವುದೂ ಅದನ್ನೇ ಎಂದು ನನಗೆ ಯಾರೂ ತಿಳಿಸಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ನಮ್ಮ ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ತಕಾಹಾಶಿ-ಸಾನ್ ಮನೆಗೆ ಬಂದರು. ವಿದೇಶಿ ವಿದ್ಯಾರ್ಥಿಗಳೆಂದರೆ ನಾನು. ಕೊತಾತ್ಸುವಿನ ಸುತ್ತ ಎಲ್ಲರೂ ಸಾವಿನ ಮನೆಯಲ್ಲಿ ಕೂತಂತೆ ಕೂತರು. ಅವರು ಒಂದು ಫಾರಂ ತೆಗೆದು ನನ್ನ ಮುಂದಿಟ್ಟು, ಒಂದೊಂದೇ ಇಂಗ್ಲಿಷ್ ಪದವನ್ನು ಮೊಟ್ಟೆ ಇಟ್ಟಂತೆ ಇಡುತ್ತಾ ಹೇಳಿದರು: ನಾನು ಮನೆಗೆ ಹಿಂದಿರುಗುವುದು ನನ್ನ ಮನಸ್ಸಿಗೆ ಒಳ್ಳೆಯದು, ಇದರಲ್ಲಿ ನಾಚಿಕೆಯೇನಿಲ್ಲ, ಮುಂದಿನ ವಾರವೇ ಟಿಕೆಟ್ ಸಿಗುತ್ತದೆ.

"ದಾಯ್ಜೋಬು!" ಎಂದೆ ಗಾಬರಿಯಲ್ಲಿ.

ಒಬಾಸಾನ್ ಟಿಶ್ಯೂ ಕೊಟ್ಟರು.

ತಕಾಹಾಶಿ-ಸಾನ್ ಆಗಲೇ ಫೋನ್ ಹಚ್ಚಿ, ವಿಷಯ ತಿಳಿಸಿ, ಸ್ಪೀಕರಿಗೆ ಹಾಕಿದ್ದರು. ತುರ್ತು ಸಂಪರ್ಕಕ್ಕೆಂದು ನಾನು ಬರೆದುಕೊಟ್ಟಿದ್ದ ಹೆಸರು ಸುಧಕ್ಕನದು. ನನ್ನ ಚಿಕ್ಕಮ್ಮನ ಗೆಳತಿ. ಗಂಡನ ಐಟಿ ಕೆಲಸದಿಂದಾಗಿ ಹತ್ತು ವರ್ಷದಿಂದ ಜಪಾನಿನ ರಾಜಧಾನಿಯಲ್ಲಿ, ಶಿನಾಗಾವಾದ ಹತ್ತಿರ ಇದ್ದಾರೆ.

"ಏನೋ, ದಿನಾ ಅಳ್ತೀಯಂತೆ?" ಎಂದರು ಸುಧಕ್ಕ.

"ನಾನಾ? ಯಾರಕ್ಕ ಹೇಳಿದ್ದು?"

"ರಜಾಯೀಲಿ ಕಣ್ಣೊರೆಸ್ಕೋತೀಯಂತೆ ಕಣೋ, ಊಟಕ್ಕೆ ಮುಂಚೆ ಒಂದ್ನಾಲ್ಕು ಸಲ, ಆಮೇಲೆ ಲೆಕ್ಕಾನೇ ಇಲ್ವಂತೆ. ಅವ್ರು ಎರಡು ಸಲ ಕವರ್ ಚೇಂಜ್ ಮಾಡಿದಾರಂತೆ. ಸೀರಿಯಸ್ಲಿ, ಏನಾಯ್ತು? ಹುಡುಗಿ ವಿಷ್ಯನಾ?"

"ಅಯ್ಯೋ, ಕಾಲು ತಗುಲತ್ತೆ ಅಕ್ಕ! ಅಜ್ಜನ ಕಾಲು! ಕಣ್ಣಿಗೊತ್ಕೋತೀನಿ ಅಷ್ಟೇ!"

ಸುಧಕ್ಕ ಎಷ್ಟು ನಕ್ಕರೆಂದರೆ ಫೋನು ಮೇಜಿನ ಮೇಲೆ ನಡುಗಿ ಸ್ವಲ್ಪ ಪಕ್ಕಕ್ಕೆ ಸರಿಯಿತು. ನಾಲ್ವರು ಜಪಾನೀಯರು ಆ ನಗುವನ್ನು ಗೌರವದಿಂದ ಆಲಿಸಿದರು. "ಕತ್ತೆ! ಇದನ್ನ ಅವ್ರಿಗೆ ಹೇಳ್ಬಾರ್ದಾ?"

"ಜಪಾನೀಲಿ ಹೇಗಕ್ಕ ಹೇಳೋದು?"

"ಬಿಡು, ನಾನ್ ಹೇಳ್ತೀನಿ. ಸುಮಿಮಾಸೆನ್, ತಕಾಹಾಶಿ-ಸಾನ್..."

ಹೀಗೆ ಕ್ಷಮೆ ಕೇಳಿಕೊಂಡು ಶುರುಮಾಡಿ ಸುಧಕ್ಕ ಜಪಾನೀ ಭಾಷೆಯಲ್ಲಿ ಐದು ನಿಮಿಷ ಮಾತಾಡಿದರು. ಮಿಚಿಕೋ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಒಬಾಸಾನ್ "ಹೇ..." ಎಂದು ಅಚ್ಚರಿಯಿಂದ ಉದ್ದಕ್ಕೆ ಎಳೆದರು. ತಕಾಹಾಶಿ-ಸಾನ್ ಫಾರಮ್ಮನ್ನು ಎರಡಾಗಿ ಮಡಚಿ ಬ್ಯಾಗಿಗೆ ಹಾಕಿದರು; ಹರಿಯಲಿಲ್ಲ. ಒಜೀಸಾನ್ ಮಾತ್ರ ನಗದೆ, ಮುಖ ಸೇಬಿನಷ್ಟು ಕೆಂಪಾಗಿ, ಮೇಜನ್ನೇ ನೋಡುತ್ತಿದ್ದರು.

"ಏನಂದ್ರಿ ಅಕ್ಕ ಅವ್ರಿಗೆ?" ಎಂದೆ.

"ನಮ್ ಕಡೆ ಒಬ್ರಿಗೆ ಕಾಲು ತಾಗಿಸೋದು ಅಂದ್ರೆ ತುಂಬಾ ದೊಡ್ಡ ಅವಮಾನ, ಕ್ಷಮೆ ಕೇಳ್ದೆ ಇದ್ರೆ ಮನುಷ್ಯನೇ ಅಲ್ಲ ಅಂತ. ಸ್ವಲ್ಪ ಮಸಾಲೆ ಹಾಕ್ದೆ ಕಣೋ. ಇಲ್ದಿದ್ರೆ ನಿನ್ನ ವಿಮಾನ ಹತ್ತಿಸ್ತಿದ್ರು."

ಹೀಗೆ ನಾನು ಉಳಿದೆ. ಅಂದು ಸಂಜೆ ವಿಜಯಿಯಾಗಿ ಕೊತಾತ್ಸುವಿಗೆ ಕಾಲು ತೂರಿಸಿದೆ. ಒಳಗೆ ಯಾರೂ ಇರಲಿಲ್ಲ. ಮೂವರೂ ಕಾಲು ಮಡಚಿ, ರಜಾಯಿಯ ಹೊರಗೆ, ತಣ್ಣನೆಯ ಚಾಪೆಯ ಮೇಲೆ ಕೂತು ಊಟ ಮಾಡುತ್ತಿದ್ದರು. ನನ್ನ ಗೌರವಾರ್ಥ.

ಹೀಗೆಲ್ಲ ಬೇಡವೆಂದು ಕೈಮುಗಿದೆ. ಮಿಚಿಕೋ ಮತ್ತು ಒಬಾಸಾನ್ ಕಾಲನ್ನು ಮೊಣಕಾಲಿನವರೆಗೆ ಒಳಗೆ ತಂದರು. ಒಜೀಸಾನ್ ತರಲಿಲ್ಲ.

ಕೆಲವು ವಾರಗಳಾದ ಮೇಲೆ ಒಬಾಸಾನರ ಜೊತೆ ಸೇಬು ಹೆಚ್ಚುತ್ತಿದ್ದೆ. ಅವರ ಹಳ್ಳಿ ಮಾತು ಅಷ್ಟಿಷ್ಟು ತಿಳಿಯತೊಡಗಿತ್ತು.

"ನಿನ್ ಜೊತೆ ಆಟ ಆಡ್ತಿದ್ರಪ್ಪ ನಮ್ ಯಜಮಾನ್ರು," ಎಂದರು. "ಒಂದು ಸಲ ಒದ್ರೆ ಇನ್ನೊಂಚೂರು ತಿನ್ನು ಅಂತ. ಎರಡು ಸಲ ಒದ್ರೆ ಟೀವೀಲಿ ಮಾತಾಡ್ತಿರೋನು ಸುಳ್ಳುಗಾರ ಅಂತ. ಮದ್ವೆ ಆದಾಗಿಂದ ನನ್ ಹತ್ರ ಮಾತಾಡಿದ್ದೂ ಕಾಲಲ್ಲೇ. ಮಿಚಿಕೋ ಹೈಸ್ಕೂಲಿಗೆ ಹೋದ್ಮೇಲೆ ಒದೆಸ್ಕೊಳ್ಳೋಕೆ ಒಪ್ಲಿಲ್ಲ. ನೀನು ಬಂದ್ಮೇಲೆ ಮತ್ತೆ ಒಬ್ಬ ಸಿಕ್ಕಿದ ಅಂತ ಖುಷಿಯಾಗಿದ್ರು."

"ಈಗ?"

"ಈಗ ನಾಚಿಕೆ. ಅಷ್ಟು ದೂರದಿಂದ ಬಂದೋನಿಗೆ ಒಂದು ತಿಂಗಳು ಅವಮಾನ ಮಾಡ್ಬಿಟ್ಟೆ ಅಂತಾರೆ."

ಇಡೀ ಊರಿನಲ್ಲಿ ನನ್ನೊಡನೆ ನಿರರ್ಗಳವಾಗಿ ಮಾತಾಡುತ್ತಿದ್ದ ಏಕೈಕ ವ್ಯಕ್ತಿಗೆ ನಾನು ಒಂದು ತಿಂಗಳು ಬರೀ ಕ್ಷಮೆ ಕೇಳಿದ್ದೆ.

ಆ ಸಂಜೆ ಧೈರ್ಯ ಮಾಡಿದೆ. ಸುದ್ದಿಯಲ್ಲಿ ಒಬ್ಬ ಮಂತ್ರಿ ಮಾತಾಡುತ್ತಿದ್ದ. ನಾನು ಕಾಲು ಉದ್ದಕ್ಕೆ ಚಾಚಿ, ಎದುರಿಗೆ ಕೂತಿದ್ದ ಎಪ್ಪತ್ತೆಂಟು ವರ್ಷದ ಹಿರಿಯರ ಮೊಣಕಾಲಿಗೆ, ಬೇಕೆಂದೇ, ಎರಡು ಸಲ ಒದ್ದೆ. ಅರಸೀಕೆರೆಯಲ್ಲಿ ಇದಕ್ಕೆ ಮನೆಯಿಂದ ಹೊರಹಾಕುತ್ತಾರೆ. ಒದ್ದ ಮೇಲೆ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿ ಕೂತೆ, ಕಣ್ಣಿನ ಕಡೆಗೆ ಏಳದಿರಲಿ ಎಂದು.

ಒಜೀಸಾನ್ ನನ್ನನ್ನು ನೋಡಿದರು. ಟೀವಿಯ ಸದ್ದು ಕಡಿಮೆ ಮಾಡಿದರು. ನೆಟ್ಟಗೆ ಕೂತು, ಕೈ ಮುಂದೆ ಚಾಚಿ ರಜಾಯಿಯ ಅಂಚನ್ನು ಮುಟ್ಟಿದರು. ಎರಡೂ ಕಣ್ಣಿಗೆ ಒತ್ತಿಕೊಂಡರು. ಒಂದಿಷ್ಟೂ ತಪ್ಪಿರಲಿಲ್ಲ, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಅಭ್ಯಾಸ ಮಾಡಿದ್ದರೆಂದು ಕಾಣುತ್ತದೆ. ಅನಂತರ ಮೊಣಕಾಲನ್ನು ಇನ್ನೂ ಒಂದು ಗೇಣು ಹಿಂದಕ್ಕೆ ಸರಿಸಿಕೊಂಡರು.

ಊರಿನಿಂದ ಫೋನ್ ಬಂದರೆ ಎಲ್ಲರೂ ಕೇಳುವುದು ಒಂದೇ: ಅಲ್ಲಿನವರು ನಿನ್ನನ್ನು ಗೌರವದಿಂದ ನೋಡಿಕೊಳ್ಳುತ್ತಾರಾ? ಹೌದು, ಅರಸೀಕೆರೆಯಲ್ಲೂ ಇಷ್ಟು ಗೌರವ ಕಂಡವನಲ್ಲ. ಅರಸೀಕೆರೆಯಲ್ಲಿ ಒದೆಯುವವರಿದ್ದರು, ಇಲ್ಲೂ ಒಬ್ಬರಿದ್ದರು. ಈಗ ಕೊತಾತ್ಸುವಿನ ನಡುಭಾಗವೆಲ್ಲ ನನಗೇ ಬಿಟ್ಟಿದ್ದಾರೆ. ಎರಡು ಕಾಲನ್ನೂ ಚಾಚಿ, ಬೇಕಾದ ಕಡೆಗೆ ಆಡಿಸಿದರೂ ಯಾರಿಗೂ ತಗುಲುವುದಿಲ್ಲ. ಬೆಚ್ಚಗಿದೆ, ಇಲ್ಲವೆನ್ನಬಾರದು.